ಕೊನೆಯ ಅಂಗಿಗೆ ಜೇಬು

ಹೋರ್‌ಕೂಮ್ ಎಂಬ ನಮ್ಮ ಊರಿನಲ್ಲಿ ಕುರಿಗಾಹಿ ಸತ್ತರೆ ಅವನ ಬಲಗೈಯಲ್ಲಿ ಒಂದು ಕುಚ್ಚು ಉಣ್ಣೆ ಇಟ್ಟು, ಬೆರಳು ಮಡಿಸಿ ಕಳಿಸುತ್ತಿದ್ದರು. ಭಾನುವಾರ ಊರೆಲ್ಲ ಚರ್ಚಿನಲ್ಲಿ ಮಂಡಿಯೂರಿದ್ದಾಗ ಅವನು ಗುಡ್ಡದ ಮೇಲೆ ಕುರಿಗಳ ಹಿಂದೆ ಇದ್ದವನು. ಈಸ್ಟರ್ ಬಂತೆಂದರೆ ಕುರಿ ಈಯುವ ಕಾಲ, ಕ್ರಿಸ್‌ಮಸ್ ಬಂತೆಂದರೆ ಹಿಮ. ಸತ್ತು ಮೇಲೆ ಹೋದಾಗ ಸ್ವರ್ಗದ ಬಾಗಿಲಲ್ಲಿರುವವರು ‘ಏನಪ್ಪಾ, ಬದುಕಿದ್ದಷ್ಟು ದಿನ ನಮ್ಮ ಮನೆ ಕಡೆ ತಲೆ ಹಾಕಲಿಲ್ಲವಲ್ಲ’ ಎಂದು ಕೇಳಿಯೇ ಕೇಳುತ್ತಾರೆ. ಆಗ ಅವನು ಮುಷ್ಟಿ ಬಿಚ್ಚಿ ತೋರಿಸಿದರೆ ಸಾಕು, ಮಾತು ಬೇಕಾಗಿಲ್ಲ. ನಮ್ಮ ಕುರಿಗಾಹಿಗಳಿಗೆ ಮಾತು ಬರುತ್ತಿದ್ದುದೂ ಅಷ್ಟಕ್ಕಷ್ಟೆ.

ಇದನ್ನು ನೋಡಿ ಕೆಲವು ಪಾದ್ರಿಗಳು ಮುಗುಳ್ನಕ್ಕರು, ಒಬ್ಬರು ಮೂಢನಂಬಿಕೆ ಎಂದು ಪೀಠ ಹತ್ತಿ ಬೈದರು. ಊರು ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿತು. ಬೈಸಿಕೊಳ್ಳಬೇಕಾದವರು ಹೇಗೂ ಗುಡ್ಡದ ಮೇಲಿದ್ದರು.

ಕೆಜಾಯಾ ರಮ್ಮಿಂಗ್ ಮಾತ್ರ ಈ ಪದ್ಧತಿಯ ನಡುವೆ ಹುಟ್ಟಿದವಳಲ್ಲ. ಅವಳ ತವರು ಕೆಳಗೆ ಕಾಡಿನ ಕಡೆ. ಅವಳಪ್ಪ ಕೋಲು ಸೀಳಿ ಕುರಿದೊಡ್ಡಿಗೆ ತಡಿಕೆ ಹೆಣೆಯುತ್ತಿದ್ದ. ತಡಿಕೆ ಒಯ್ಯಲು ಗಾಡಿ ಹೊಡೆದುಕೊಂಡು ಬರುತ್ತಿದ್ದ ಎನಾಕ್ ರಮ್ಮಿಂಗ್ ಎಂಬ ಕುರಿಗಾಹಿ ಒಂದು ವರ್ಷ ಬೇಕಾದದ್ದಕ್ಕಿಂತ ಹೆಚ್ಚು ಸಲ ಬಂದ.

“ಏನಯ್ಯಾ, ನಿಮ್ಮ ದೊಡ್ಡಿ ಲಂಡನ್ನಿನ ತನಕ ಹೋಗುತ್ತಾ?” ಎಂದು ಅವಳಪ್ಪ ಕೇಳಿದ.

ಎನಾಕ್ ಕಿವಿ ಕೆಂಪಗೆ ಮಾಡಿಕೊಂಡು ನಿಂತ. ಮದುವೆಯ ಮಾತುಕತೆ ಎಂದು ಆದದ್ದು ಅಷ್ಟೆ.

ಕಾಡಿನ ಕಡೆಯವರಿಗೂ ಅವರದೇ ಪದ್ಧತಿಗಳಿದ್ದವು. ಹೆಣದ ಎದೆಯ ಮೇಲೆ ಉಪ್ಪಿನ ತಟ್ಟೆ ಇಡುತ್ತಿದ್ದರು. ಆ ತಟ್ಟೆಯನ್ನು ಮತ್ತೆ ಮನೆಯೊಳಗೆ ತರುತ್ತಿರಲಿಲ್ಲ. ಹೆಣಕ್ಕೆ ತೋರಿಸಿದ್ದನ್ನು ಬದುಕಿದವರ ಮುಂದೆ ಇಟ್ಟರೆ ಸಾವಿಗೆ ಮನೆ ದಾರಿ ತೋರಿಸಿದ ಹಾಗೆ ಎಂದು ಕೆಜಾಯಾಳ ಅಜ್ಜಿ ಹೇಳುತ್ತಿದ್ದಳು. ಅಜ್ಜಿ ಹೇಳಿದ ಎಷ್ಟೋ ಮಾತನ್ನು ಕೆಜಾಯಾ ಹೋರ್‌ಕೂಮಿಗೆ ಬಂದ ಮೇಲೆ ಮರೆತಳು, ಇದೊಂದನ್ನು ಮರೆಯಲಿಲ್ಲ. ಮರೆತಿದ್ದರೆ ಎಷ್ಟು ಚೆನ್ನಾಗಿತ್ತು.

ಹೆತ್ತದ್ದು ನಾಲ್ಕು, ಉಳಿದದ್ದು ಸೈಲಸ್ ಒಬ್ಬ. ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ ಎನ್ನುತ್ತಾರೆ. ಹಾಗೆನ್ನುವವರು ಆ ಒಂದೇ ಕಣ್ಣಿನಲ್ಲಿ ಲೋಕ ನೋಡುವವರನ್ನು ಕೇಳಿರುವುದಿಲ್ಲ. ಸೈಲಸ್ ಚಿಕ್ಕಂದಿನಿಂದಲೇ ಅಪ್ಪನ ಹಿಂದೆ ಗುಡ್ಡ ಹತ್ತಿದ. ಆದರೆ ಅಪ್ಪನ ಮೌನ ಮಗನಿಗೆ ಬರಲಿಲ್ಲ. ಒಂದೊಂದು ಕುರಿಗೂ ಊರಿನ ಒಬ್ಬೊಬ್ಬ ಹೆಂಗಸಿನ ಹೆಸರಿಟ್ಟಿದ್ದ. ಬಾಯಿ ಮುಚ್ಚದೆ ಅರಚುವ ಒಂದು ಮುದಿ ಕುರಿಗೆ ಪಕ್ಕದ ಮನೆಯ ಸಲೀನಾ ಫ್ರೈಯ ಹೆಸರು. ಊರಿನಲ್ಲಿ ಹೆಣ ತೊಳೆಯುವವಳೂ ಬಾಣಂತನ ಮಾಡುವವಳೂ ಅವಳೇ. ಸೈಲಸನನ್ನು ಮೊದಲು ಕೈಗೆತ್ತಿಕೊಂಡವಳು.

“ನಿನ್ನ ಮಗ ನನ್ನ ಹೆಸರಲ್ಲಿ ಕುರಿ ಬೈತಾನಂತೆ,” ಎಂದು ಅವಳು ಬಾವಿಕಟ್ಟೆಯ ಹತ್ತಿರ ಜಗಳ ತೆಗೆದಳು.

“ಬೈಯಲ್ಲ ಸಲೀನಾ, ಕರೀತಾನೆ. ಅದು ಬರುತ್ತೆ, ನೀನು ಬರಲ್ಲ,” ಎಂದಳು ಕೆಜಾಯಾ.

ಇಬ್ಬರೂ ಕೊಡ ಕೆಳಗಿಟ್ಟು ನಕ್ಕರು. ಕೆಜಾಯಾ ನಗುತ್ತಿದ್ದ ಕಾಲ ಅದು.

ಯುದ್ಧ ಬಂದ ಎರಡನೆಯ ವರ್ಷ ಒಂದು ಹಿಂಡಿಗೆ ಒಬ್ಬ ಕುರಿಗಾಹಿ ಸಾಕು, ಉಳಿದವರು ಸೇನೆಗೆ ಬರಬೇಕು ಎಂದಾಯಿತು. ಅಪ್ಪನಿಗೆ ವಯಸ್ಸು ಮೀರಿತ್ತು, ಮಗನಿಗೆ ತುಂಬಿತ್ತು. ಸೈಲಸ್ ಸೇನೆಯ ಕೋಟು ಹಾಕಿಕೊಂಡು ಎಲ್ಲಿಯೋ ದೊಡ್ಡ ಬಯಲಿನಲ್ಲಿ ಕವಾಯತು ಕಲಿತ. ಫ್ರಾನ್ಸಿಗೆ ಹೊರಡುವ ಮುಂಚೆ ನವೆಂಬರಿನಲ್ಲಿ ಕೊನೆಯ ರಜೆಗೆ ಮನೆಗೆ ಬಂದ. ಬಂದವನು ಅಮ್ಮನ ಹಂದಿಕೊಬ್ಬಿನ ರೊಟ್ಟಿ ತಿಂದ, ಅಪ್ಪನ ಜೊತೆ ಕುರಿ ಮೇಯಿಸುವ ಟರ್ನಿಪ್ ಗೆಡ್ಡೆಯ ಹೊಲದಲ್ಲಿ ತಡಿಕೆ ಬದಲಾಯಿಸಿದ, ನಾಯಿಯ ಜೊತೆ ಹರಟೆ ಹೊಡೆದ. ರಜೆ ಮುಗಿಯಿತು.

ಹೊರಡುವ ದಿನ ಬೆಳಿಗ್ಗೆ ಅವನಿನ್ನೂ ಮಹಡಿಯಲ್ಲಿ ಮಲಗಿದ್ದ. ಎನಾಕ್ ಎದ್ದು ಹಿಂಡಿನ ಕಡೆಗೆ ಹೋಗಿಯಾಗಿತ್ತು. ಕೆಜಾಯಾ ಒಲೆಯ ಮುಂದೆ ಕೂತು ಮಗನ ಕೋಟಿಗೆ ಹತ್ತಿದ ಸುಣ್ಣಮಣ್ಣನ್ನು ಕುಂಚದಿಂದ ಉಜ್ಜುತ್ತಿದ್ದಳು. ಎದೆಯ ಜೇಬು ಉಬ್ಬಿದ ಹಾಗಿತ್ತು. ಗುಂಡಿ ಬಿಚ್ಚಿ ಬೆರಳು ಹಾಕಿದಳು.

ಒಂದು ಕುಚ್ಚು ಉಣ್ಣೆ. ಕುರಿಯ ಕುತ್ತಿಗೆಯದು, ಜಿಡ್ಡು ಇನ್ನೂ ಆರಿರಲಿಲ್ಲ. ಅದಕ್ಕೆ ಟಾರು ಬಳಿದ ದಾರದ ಕಟ್ಟು. ಆ ಗಂಟು ಎನಾಕನದು. ಅದನ್ನು ಅವಳು ಇಪ್ಪತ್ತು ವರ್ಷದಿಂದ ತಡಿಕೆಗಳ ಮೇಲೆ ನೋಡಿದ್ದಾಳೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರನ್ನು ಅವಳು ನೋಡಿದ್ದಳು. ಉಸಿರಾಡುವ ಮಗನ ಎದೆಯ ಮೇಲೆ ಹೆಣದ ಸಾಮಾನು ಇಡುವ ಅಪ್ಪನನ್ನು ನೋಡಿರಲಿಲ್ಲ. ನನಗೆ ಒಂದು ಮಾತು ಹೇಳದೆ, ಕಳ್ಳನ ಹಾಗೆ ಇಟ್ಟಿದ್ದಾನೆ ಎಂದು ಸಿಟ್ಟು ಬಂತು. ಹೇಳಿದ್ದರೆ ಇವಳು ಇಡಗೊಡುತ್ತಿರಲಿಲ್ಲ ಎಂದು ಅವನಿಗೂ ಗೊತ್ತಿತ್ತು. ಕೆಜಾಯಾ ಯೋಚಿಸಲಿಲ್ಲ. ಕುಚ್ಚನ್ನು ಕೆಂಡದ ನಡುವೆ ಹಾಕಿ ಇಕ್ಕಳದಿಂದ ಒತ್ತಿದಳು.

ಸುಟ್ಟ ಉಣ್ಣೆಯ ವಾಸನೆಯನ್ನು ಬಚ್ಚಿಡುವುದು ಆಗದ ಕೆಲಸ. ಸೈಲಸ್ ಮೂಗು ಹಿಡಿದುಕೊಂಡೇ ಮೆಟ್ಟಿಲಿಳಿದ.

“ಯಾವ ಕುರಿ ಸುಟ್ಟೆಯಮ್ಮಾ ಬೆಳಿಗ್ಗೆ ಬೆಳಿಗ್ಗೆ?”

“ನಿನ್ನ ಹಳೇ ಕಾಲುಚೀಲ.”

“ಅಯ್ಯೋ, ಅದ್ರಲ್ಲಿ ಇನ್ನೊಂದು ಚಳಿಗಾಲ ಇತ್ತಲ್ಲೇ.”

“ಹೊಸದು ಹೆಣೆದಿದೀನಿ. ಬಾಯಿ ಮುಚ್ಕೊಂಡು ತಿನ್ನು.”

ರೈಲು ಹಿಡಿಯಬೇಕಾದರೆ ಗುಡ್ಡ ದಾಟಿ ಹೋಗಬೇಕು. ಅವಳು ಗುಡ್ಡದ ನೆತ್ತಿಯವರೆಗೆ ಅವನ ಜೊತೆ ನಡೆದಳು. ಅಲ್ಲಿ ಎನಾಕ್ ಹಿಂಡು ಬಿಟ್ಟುಕೊಂಡು ಕಾಯುತ್ತಿದ್ದ. ಅಪ್ಪ ಮಕ್ಕಳು ಅಪ್ಪಿಕೊಳ್ಳುವ ಜನ ನಮ್ಮವರಲ್ಲ. ಎನಾಕ್ ಮಗನ ಕೋಟಿನ ಕಾಲರು ಸರಿ ಮಾಡಿದ. ಆಮೇಲೆ ಎದೆಯ ಜೇಬಿನ ಮೇಲೆ ಅಂಗೈಯಿಂದ ಒಂದು ಸಲ ತಟ್ಟಿದ.

“ಈ ಗುಂಡಿ ಯಾವಾಗ್ಲೂ ಹಾಕ್ಕೊಂಡಿರು.”

“ಯಾಕಪ್ಪಾ, ಯಜಮಾನರ ಚಿನ್ನ ಇಟ್ಟಿದೀಯಾ ಒಳಗೆ?”

“ಹಾಕ್ಕೊಂಡಿರು ಅಂದೆ.”

ಸೈಲಸ್ ನಕ್ಕು, ನಾಯಿಯ ಕಿವಿ ಎಳೆದು, ಶಿಳ್ಳೆ ಹಾಕುತ್ತ ಇಳಿಜಾರು ಹಿಡಿದ. ಕೆಜಾಯಾ ಶಾಲಿನೊಳಗೆ ಕೈ ಕಟ್ಟಿ ನಿಂತಿದ್ದಳು. ಆ ದಾರಿಯ ಎರಡೂ ಕಡೆ ಮುಳ್ಳಿನ ಬೇಲಿ, ಮುಳ್ಳುಮುಳ್ಳಿಗೂ ಕುರಿ ಉಜ್ಜಿ ಬಿಟ್ಟುಹೋದ ಉಣ್ಣೆ. ಕೈ ಚಾಚಿದ್ದರೆ ಸಾಕಿತ್ತು. ಓಡಿ ಹೋಗಿ ‘ಇದನ್ನು ಇಟ್ಟುಕೋ ಮಗಾ’ ಎಂದಿದ್ದರೆ ಅವನು ಏನೋ ತಮಾಷೆ ಮಾಡಿ ಇಟ್ಟುಕೊಳ್ಳುತ್ತಿದ್ದ. ಅವಳು ಕೈ ಚಾಚಲಿಲ್ಲ. ಮಗನನ್ನು ಸಾವಿನ ಕಣ್ಣಿನಿಂದ ತಪ್ಪಿಸಿದೆ ಎಂದೇ ಆ ಹೊತ್ತಿನಲ್ಲಿ ಅವಳು ನಂಬಿದ್ದಳು.

ಸುದ್ದಿ ಬಂದದ್ದು ಮೇ ತಿಂಗಳಿನಲ್ಲಿ. ಫ್ರಾನ್ಸಿನ ಯಾವುದೋ ಊರಿನ ಹತ್ತಿರ ಸತ್ತ, ಅಲ್ಲಿಯೇ ಮಣ್ಣು ಮಾಡಿದ್ದಾರೆ ಎಂದು. ಕೆಜಾಯಾ ತಾನೇ ಗುಡ್ಡ ಹತ್ತಿ ಹೋಗಿ ಎನಾಕನಿಗೆ ಹೇಳಿದಳು. ಅವನು ಒಂದು ಕುರಿಯನ್ನು ಅಡಿಮೇಲು ಮಾಡಿ ಕೂರಿಸಿ ಅದರ ಗೊರಸು ಕೆತ್ತುತ್ತಿದ್ದ. ಕೇಳಿಸಿಕೊಂಡು, ಹಿಡಿದಿದ್ದ ಗೊರಸನ್ನು ಮುಗಿಸಿ, ಕುರಿಯನ್ನು ಎಬ್ಬಿಸಿ ಬಿಟ್ಟ. ಚಾಕು ಒರೆಸಿದ.

“ಜೇಬಲ್ಲಿ ಉಣ್ಣೆ ಇದೆ, ಕೆಜಾಯಾ. ನಾನೇ ಇಟ್ಟಿದ್ದೆ, ನಿನಗೆ ಹೇಳ್ಲಿಲ್ಲ. ಕೇಳಿದ್ರೆ ತೋರಿಸ್ತಾನೆ. ಅಷ್ಟಾದ್ರೂ ಇದೆ.”

ಅವಳು ಬಾಯಿ ತೆರೆದಳು. ಎನಾಕನ ಗಡ್ಡ ನಡುಗುತ್ತಿತ್ತು. ಮುಳುಗುವವನ ಕೈಯಲ್ಲಿರುವ ಕಡ್ಡಿಯನ್ನು ಕಿತ್ತುಕೊಳ್ಳಲು ಅವಳಿಂದ ಆಗಲಿಲ್ಲ. ಇವತ್ತು ಬೇಡ, ನಾಳೆ ಹೇಳುತ್ತೇನೆ ಎಂದುಕೊಂಡಳು.

ನಾಳೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಮಾತೇ ಆಡದ ಎನಾಕ್ ಇದೊಂದನ್ನು ಕಂಡವರಿಗೆಲ್ಲ ಹೇಳಿದ. ಕಮ್ಮಾರನ ಅಂಗಡಿಯಲ್ಲಿ ಹೇಳಿದ, ಹೆಂಡದಂಗಡಿಯ ಬೆಂಚಿನಲ್ಲಿ ಹೇಳಿದ. ಸಲೀನಾ ಕೆಜಾಯಾಳನ್ನು ತಬ್ಬಿಕೊಂಡು, “ಪುಣ್ಯಾತ್ಮ ಕಣೇ ನಿನ್ನ ಗಂಡ, ಎಲ್ಲಾ ಯೋಚನೆ ಮಾಡಿದ್ದ,” ಎಂದು ಅತ್ತಳು. ಸೈಲಸನ ಹೆಸರಿನ ಪ್ರಾರ್ಥನೆಯ ದಿನ ಪಾದ್ರಿಯೂ ಆ ಉಣ್ಣೆಯ ಮಾತೆತ್ತಿದರು. ಕೆಜಾಯಾ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತು ಕೇಳಿದಳು.

ಬೇಸಿಗೆಯಲ್ಲಿ ಸೈಲಸನ ಸಾಮಾನಿನ ಪೊಟ್ಟಣ ಬಂತು. ಒಂದು ಚಾಕು, ಒಂದು ಚಮಚ, ಅವಳು ಹೆಣೆದ ಕಾಲುಚೀಲದ ಒಂದು ಜೊತೆ. ಎನಾಕ್ ಎಲ್ಲವನ್ನೂ ಮೇಜಿನ ಮೇಲೆ ಬಿಡಿಸಿಟ್ಟ. ಕಾಲುಚೀಲದೊಳಗೂ ಕೈ ಹಾಕಿ ನೋಡಿದ. ಆಮೇಲೆ ಅವಳ ಕಡೆ ತಿರುಗಿದ. ಸುದ್ದಿ ಬಂದ ಮೇಲೆ ಮೊದಲ ಸಲ ಅವನ ಮುಖದಲ್ಲಿ ಒಂದಿಷ್ಟು ನಗು ಕಂಡಿತು.

“ನೋಡು, ಉಣ್ಣೆ ಇಲ್ಲ. ಅವನ ಹತ್ರಾನೇ ಇದೆ.”

ಕೆಜಾಯಾ ಹಿತ್ತಿಲಿಗೆ ಹೋಗಿ ನಿಂತಳು. ತಾನು ಸಾವನ್ನೇನೂ ತಡೆಯಲಿಲ್ಲ. ಮಗನ ಕೈ ಬರಿದು ಮಾಡಿ ಕಳಿಸಿದೆ, ಅಷ್ಟೆ. ಅದು ಅವಳಿಗೆ ಅಲ್ಲಿ ಸ್ಪಷ್ಟವಾಯಿತು.

ಮುಂದಿನ ಭಾನುವಾರದಿಂದ ಅವಳು ಚರ್ಚಿಗೆ ಹೋಗಲು ಹಿಡಿದಳು. ಮೊದಲೂ ಹೋಗುತ್ತಿದ್ದಳು, ಕ್ರಿಸ್‌ಮಸ್ಸಿಗೆ, ಯಾರದಾದರೂ ಮದುವೆಗೆ. ಈಗ ಬೆಳಿಗ್ಗೆಯೂ ಹೋದಳು, ಸಂಜೆಯೂ ಹೋದಳು. ಮಳೆಗೆ ಕರಿಯ ಕೋಟು ತೊಯ್ದು ಮೈಗಂಟಿದರೂ ಹೋದಳು. ಬೆಂಚಿನ ತುದಿಯಲ್ಲಿ ಕೂತು ಪಕ್ಕದಲ್ಲಿ ಒಬ್ಬ ಗಂಡಾಳಿನಷ್ಟು ಜಾಗ ಬಿಡುತ್ತಿದ್ದಳು. ‘ಇದನ್ನು ಅವನ ಲೆಕ್ಕಕ್ಕೆ ಬರೆದುಕೋ, ಅವನು ಬರಲಾಗದೆ ಹೋದದ್ದಕ್ಕೆ’ ಎಂದು ದೇವರಿಗೆ ಹೇಳುತ್ತಿದ್ದಳು. ಬೇರೇನೂ ಬೇಡುತ್ತಿರಲಿಲ್ಲ.

“ಪಾದ್ರಿಗೇ ರಜಾ ಬೇಕಾಗುತ್ತೆ, ನಿನಗೆ ಬೇಡವಲ್ಲೇ ಮಾರಾಯ್ತಿ,” ಎಂದು ಸಲೀನಾ ಚುಡಾಯಿಸಿದಳು. ಕೆಜಾಯಾ ನಗಲಿಲ್ಲ. ಸಲೀನಾ ಮತ್ತೆ ಆ ತಮಾಷೆ ಮಾಡಲಿಲ್ಲ.

ವರ್ಷಗಳು ಹೋದವು. ಹೇಳಬೇಕೆಂದು ಅವಳು ಎಷ್ಟೋ ಸಲ ಹೊರಟಳು. ಉಣ್ಣೆ ಕತ್ತರಿಸುವ ಕಾಲ ಬಂದಾಗ, ಸೈಲಸನ ಹುಟ್ಟಿದ ದಿನ ಬಂದಾಗ, ಸುಮ್ಮನೆ ಇಬ್ಬರೂ ಚಹಾ ಕುಡಿಯುತ್ತ ಕೂತಾಗ. ಪ್ರತಿ ಸಲವೂ ಎನಾಕ್ ಯಾವುದೋ ಮಾತಿಗೆ ‘ಅಷ್ಟಾದರೂ ಇದೆ’ ಎನ್ನುತ್ತಿದ್ದ. ಅವಳಿಗೆ ಅದು ನುಂಗಲಾರದ, ಉಗುಳಲಾರದ ಬಿಸಿತುಪ್ಪ. ಒಂದೇ ಸೂರಿನಡಿ, ಒಂದೇ ಹಾಸಿಗೆಯಲ್ಲಿ, ಒಬ್ಬ ಸಮಾಧಾನದಿಂದ ಮಲಗಿದ. ಆ ಸಮಾಧಾನ ಸುಳ್ಳೆಂದು ಗೊತ್ತಿದ್ದವಳು ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡಿದ್ದಳು.

ಊರೂ ಬದಲಾಯಿತು. ಹಿಂಡಿನ ಯಜಮಾನ ಪಾಂಟಿಂಗ್ ಸತ್ತ ಮೇಲೆ ಅವನ ಅಳಿಯ ಕುರಿಯಲ್ಲಿ ಏನೂ ಗಿಟ್ಟುವುದಿಲ್ಲ ಎಂದು ಹಸು ತಂದ. ಹಿಂಡನ್ನು ತೆಗೆದುಕೊಂಡು ಹೋಗಲು ಲಾರಿ ಬಂದ ದಿನ ಎನಾಕ್ ಎಲ್ಲಕ್ಕಿಂತ ಹಳೆಯ ಕುರಿಯ ಕುತ್ತಿಗೆಯಿಂದ ಒಂದು ಕುಚ್ಚು ಕತ್ತರಿಸಿಕೊಂಡು ಬಂದು ತಂಬಾಕಿನ ಡಬ್ಬಿಯಲ್ಲಿಟ್ಟು ಒಲೆಯ ಮೇಲಿನ ಹಲಗೆಯಲ್ಲಿ ಇರಿಸಿದ.

“ಇದು ನಂದು. ಹುಡುಕೋ ಕೆಲಸ ಇಟ್ಕೋಬೇಡ.”

ಆಮೇಲೆ ಅವನು ಬಾಗಿಲಲ್ಲಿ ಕೂತು ಹಸುಗಳನ್ನು ನೋಡಿ ಗೊಣಗುವವನಾದ. “ಹಸು ಕಾಯೋದೇನು ಕಾಯೋದು. ಅದೇ ಮನೆಗೆ ಬರುತ್ತೆ. ಇವರ ಕೈಲಿ ಏನಿಟ್ಟು ಕಳಿಸ್ತಾರೋ, ಸಗಣಿನೋ ಏನೋ.” ಬೇಲಿಯ ಮುಳ್ಳುಗಳಲ್ಲಿದ್ದ ಉಣ್ಣೆ ಎರಡು ಚಳಿಗಾಲದ ಮಳೆಗೆ ತೊಳೆದುಹೋಯಿತು. ಕುರಿಗಂಟೆಯ ಸದ್ದಿಲ್ಲದ ಗುಡ್ಡವನ್ನು ಕೆಜಾಯಾ ತಲೆಯೆತ್ತಿ ನೋಡುವುದನ್ನು ಬಿಟ್ಟಳು.

ಅದಾಗಿ ನಾಲ್ಕನೆಯ ಚಳಿಗಾಲದ ಫೆಬ್ರವರಿಯಲ್ಲಿ ಎನಾಕನ ಎದೆಗೆ ಕಫ ಕಟ್ಟಿತು. ಹಾಸಿಗೆಯನ್ನು ಕೆಳಗೆ ಒಲೆಯ ಹತ್ತಿರ ಹಾಕಿದರು. ವೈದ್ಯರು ಬಂದು ಕಿವಿಗೊಟ್ಟು ಕೇಳಿ, ಕೆಜಾಯಾಳನ್ನು ಹೊರಗೆ ಕರೆದು ತಲೆಯಾಡಿಸಿದರು. ಸಲೀನಾ ಸಾರು ತಂದಿಟ್ಟು ಪಕ್ಕದಲ್ಲಿ ಕೂತಳು. ಅವಳೂ ಮುದುಕಿಯಾಗಿದ್ದಳು, ಬಾಯಿ ಮಾತ್ರ ಹಾಗೇ ಇತ್ತು.

“ಏನೋ ಎನಾಕಾ, ನನ್ನ ಕೈಲೇ ತೊಳೆಸ್ಕೊಂಡು ಹೋಗ್ತೀಯಾ ಅಂತಾಯ್ತು.”

“ನಿನ್ನ ಬಾಯಿಂದ ತಪ್ಪಿಸ್ಕೊಂಡು ಹೋಗ್ತೀನಿ ಅನ್ನು,” ಎಂದ ಎನಾಕ್. ಕೆಮ್ಮು ನಿಂತ ಮೇಲೆ ಮತ್ತೆ ಹೇಳಿದ: “ಸೈಲಸ್ ಒಳಗೆ ಎಲ್ಲೋ ಬೆಚ್ಚಗಿರೋ ಕಡೆ ಕೂತಿರ್ತಾನೆ. ನೇರವಾಗಿ ಒಳಗೆ ಹೋಗಿ ಹುಡುಕ್ತೀನಿ. ಬಾಗಿಲಲ್ಲಿ ನಿಲ್ಲಲ್ಲ.”

ಕೆಜಾಯಾ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು. ಇಷ್ಟು ವರ್ಷ ಅವಳು ಗಂಡನ ಸಮಾಧಾನವನ್ನು ಕಾದಿದ್ದಳು. ಈಗ ಆ ಸಮಾಧಾನವೇ ಅಪ್ಪ ಮಗನನ್ನು ಅಗಲಿಸುತ್ತದೆ ಎಂದು ಅವಳಿಗೆ ಹೊಳೆಯಿತು. ಹುಡುಗ ಒಳಗಿಲ್ಲ. ಬಾಗಿಲ ಹೊರಗೆ ಬರಿಗೈಯಲ್ಲಿ ನಿಂತಿದ್ದಾನೆ. ಇವನು ಅವನನ್ನು ಕಣ್ಣೆತ್ತಿ ನೋಡದೆ ದಾಟಿ ಒಳಗೆ ಹೋಗಿ, ಇಲ್ಲದ ಕಡೆ ಎಂದೆಂದಿಗೂ ಹುಡುಕುತ್ತಾನೆ.

ಸಲೀನಾ ಮನೆಗೆ ಹೋದ ಮೇಲೆ ಅವಳು ಹಾಸಿಗೆಯ ಪಕ್ಕ ಮಂಡಿಯೂರಿದಳು.

“ಎನಾಕ್, ಹುಡುಗನ ಹತ್ರ ಉಣ್ಣೆ ಇಲ್ಲ.”

ಅವನು ಕಣ್ಣು ಬಿಟ್ಟ.

“ಹೊರಡೋ ದಿನ ಜೇಬಲ್ಲಿ ಸಿಕ್ತು. ನಾನು ಸುಟ್ಟೆ. ಅವನು ಸಾಯ್ಬಾರ್ದು ಅಂತ ಸುಟ್ಟೆ. ಇಷ್ಟು ವರ್ಷ ನಿನಗೆ ಹೇಳಕ್ಕಾಗ್ಲಿಲ್ಲ. ಅವನ ಬದ್ಲು ನಾನು ಚರ್ಚಿಗೆ ಹೋದೆ, ಒಂದು ಭಾನುವಾರ ಬಿಡ್ಲಿಲ್ಲ.”

“ಅದು ನಿನ್ನ ಲೆಕ್ಕಕ್ಕೆ ಬರುತ್ತೆ,” ಎಂದ ಎನಾಕ್. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. ಸೂರಿನ ತೊಲೆ ನೋಡುತ್ತ ಮಲಗಿದ್ದ. “ಹಾಗಾದ್ರೆ ಹುಡುಗ ಇಷ್ಟು ವರ್ಷ ಬಾಗಿಲಲ್ಲೇ ನಿಂತಿದಾನೆ.”

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಹೊಡೆದಿದ್ದರೆ ಇನ್ನೂ ಚೆನ್ನಾಗಿತ್ತು. ಅವನು ಮುಖ ಒಲೆಯ ಕಡೆ ತಿರುಗಿಸಿಕೊಂಡ. ಅಂದು ಸಂಜೆ ಸಾರು ಮುಟ್ಟಲಿಲ್ಲ. ಮರುದಿನವೂ ಮುಟ್ಟಲಿಲ್ಲ. ಔಷಧಿಯ ಚಮಚ ತಂದರೆ ತುಟಿ ಬಿಗಿದ. ಅದು ಕೋಪ ಎಂದು ಅವಳು ಅಂದುಕೊಂಡಳು. ಕೋಪ ಅಲ್ಲವೆಂದು ಅವನ ಕಣ್ಣು ನೋಡಿದ ಮೇಲೆ ತಿಳಿಯಿತು. ಕುರಿ ಈಯುವ ಕಾಲದಲ್ಲಿ, ಗುಡ್ಡದ ಮೇಲೆ ಕೂಗು ಕೇಳಿದಾಗ, ತುತ್ತು ಬಿಟ್ಟು ಬೂಟು ಹುಡುಕುತ್ತಿದ್ದ ಎನಾಕನ ಕಣ್ಣು ಅದು. ಅವನು ಹೊರಡುವ ಅವಸರದಲ್ಲಿದ್ದ.

“ಡಬ್ಬಿ ಕೊಡು,” ಎಂದ. ಕೊಟ್ಟಳು. “ಒಂದೇ ಇದೆ. ಇದು ಅವನಿಗೆ.”

“ಎರಡು ಭಾಗ ಮಾಡ್ತೀನಿ.”

“ಅರ್ಧ ತೋರಿಸಿದ್ರೆ ಅರ್ಧ ಕುರಿಗಾಹಿ ಅಂತಾರೆ. ಬೇಡ.”

“ಹೆಣೆಯೋ ಉಣ್ಣೆ ಇದೆ—”

“ಅಂಗಡಿ ಉಣ್ಣೆ. ಅದಕ್ಕೆ ಕುರಿ ವಾಸನೆ ಎಲ್ಲಿದೆ? ಬಿಡು. ಅವನು ಒಳಗೆ ಹೋಗ್ಲಿ. ನಾನು ನಿಂತಿರ್ತೀನಿ, ನನಗೆ ಚಳಿ ಅಭ್ಯಾಸ.”

ಕೆಜಾಯಾ ಕರಿಯ ಕೋಟು ಹಾಕಿಕೊಂಡು ಸಲೀನಾಳನ್ನು ಕರೆದು ಕೂರಿಸಿದಳು. ಕುರಿಯ ಹಿಂಡು ಉಳಿದಿದ್ದುದು ಗುಡ್ಡದಾಚೆಯ ಅಪ್‌ಕಾಟಿನಲ್ಲಿ ಮಾತ್ರ. “ಇಂಥಾ ಹೊತ್ತಲ್ಲಿ ಎಲ್ಲಿಗೆ ಹೊರಟೆಯೇ, ತಲೆ ಕೆಟ್ಟಿದೆಯಾ?” ಎಂದು ಸಲೀನಾ ಕೂಗುತ್ತಿದ್ದಂತೆಯೇ ಹೊರಬಿದ್ದಳು. ಹಳೆಯ ಕುರಿದಾರಿಯಲ್ಲಿ ಸುಣ್ಣಮಣ್ಣು ಕರಗಿ ಬೂಟಿಗೆ ಅಂಟುತ್ತಿತ್ತು. ಮೊಣಕಾಲು ನೋವಿನ ಮುದುಕಿ ಆ ಏರು ಹತ್ತಿದ್ದು ಹೇಗೆಂದು ಕೇಳಿದರೆ ಅವಳಿಗೇ ಗೊತ್ತಿರಲಿಲ್ಲ. ನೆತ್ತಿಯ ಮೇಲೆ, ಸೈಲಸ್ ಶಿಳ್ಳೆ ಹಾಕುತ್ತ ಇಳಿದ ಜಾಗದಲ್ಲಿ, ಬೇಲಿಯ ಮುಳ್ಳುಗಳನ್ನು ಒಂದೊಂದಾಗಿ ನೋಡುತ್ತ ನಡೆದಳು. ಒಂದು ಎಳೆ ಇರಲಿಲ್ಲ. ಅಂದು ಕೈ ಚಾಚದವಳಿಗೆ ಇಂದು ಯಾಕೆ ಸಿಗಬೇಕು ಎಂದುಕೊಂಡು ಮುಂದೆ ಹೋದಳು.

ಅಪ್‌ಕಾಟಿನ ಕುರಿಗಾಹಿ ಆಮೋಸ್ ಹುಲ್ಲಿನ ದೊಡ್ಡಿಯಲ್ಲಿ ಈಯುವ ಕುರಿಯ ಹಿಂದೆ ಮೊಣಕಾಲೂರಿ ಕೂತಿದ್ದ. ಅವಳನ್ನು ಕಂಡು ಟೋಪಿ ತೆಗೆದ.

“ಎನಾಕಾ?”

“ಹೂಂ. ಒಂದು ಕುಚ್ಚು ಬೇಕಿತ್ತು.”

“ತನ್ನ ಪಾಲು ಎತ್ತಿಟ್ಕೊಂಡಿಲ್ವಾ ಅವನು? ಹಾಗಿರೋ ಮನುಷ್ಯ ಅಲ್ಲವಲ್ಲ.”

“ಎತ್ತಿಟ್ಟಿದ್ದ. ಇನ್ನೊಂದು ಬೇಕು.”

ಆಮೋಸ್ ಎದ್ದು ಕತ್ತರಿ ಎತ್ತಿಕೊಂಡ. ಒಂದು ಹಳೆಯ ಕುರಿಯನ್ನು ಹಿಡಿದು ಕುತ್ತಿಗೆಯ ಕೆಳಗಿನ ಒಳ್ಳೆಯ ಉಣ್ಣೆಯನ್ನು ಕತ್ತರಿಸಿ, ದಾರ ಸುತ್ತಿ, ಎರಡೂ ಕೈಯಿಂದ ಕೊಟ್ಟ. ಚಹಾ ಕುಡಿದು ಹೋಗಿ ಎಂದ. ಅವಳು ನಿಲ್ಲಲಿಲ್ಲ.

ಮನೆಯ ಕಿಟಕಿಯ ಪರದೆ ಎಳೆದದ್ದು, ಸಾವಾದ ಮನೆಯ ಗುರುತು, ದಾರಿಯ ತಿರುವಿನಿಂದಲೇ ಕಂಡಿತು. ಸಲೀನಾ ನೀರು ಕಾಯಿಸಿ ಆಗಲೇ ಕೆಲಸಕ್ಕೆ ಕೂತಿದ್ದಳು. ಎನಾಕನ ದವಡೆಗೆ ಬಟ್ಟೆ ಕಟ್ಟಿತ್ತು. ಬಲಗೈ ಮುಷ್ಟಿಯಾಗಿ ಎದೆಯ ಮೇಲಿತ್ತು, ಬೆರಳ ಸಂದಿಯಲ್ಲಿ ಉಣ್ಣೆಯ ಎಳೆ ಕಾಣುತ್ತಿತ್ತು.

“ನೀನು ಹೋದ ಮೇಲೆ ಬಹಳ ಹೊತ್ತಿರ್ಲಿಲ್ಲ ಕಣೇ,” ಎಂದಳು ಸಲೀನಾ. “ತಾನೇ ಡಬ್ಬಿಯಿಂದ ತೆಗೆದು ಕೈಲಿ ಹಿಡ್ಕೊಂಡ. ಬಿಡಿಸಕ್ಕೆ ನೋಡ್ದೆ, ಆಗಲ್ಲ. ಏನೇನೋ ಬಡಬಡಿಸ್ತಿದ್ದ. ಅವಳು ಬಂದಳಾ ಅಂದ. ಇನ್ನೂ ಇಲ್ಲ ಅಂದೆ. ಹಾಗಾದ್ರೆ ನಾನು ಹೊರಗೇ ನಿಂತಿರ್ತೀನಿ, ಅವಳು ಬರೋ ತನಕ, ಇಬ್ರೂ ಒಟ್ಟಿಗೆ ಒಳಗೆ ಹೋಗ್ತೀವಿ ಅಂದ. ಎದ್ದು ಕೂರಕ್ಕಾಗ್ದೋನು, ಹೊರಗೆ ನಿಂತಿರ್ತಾನಂತೆ. ಜ್ವರ ತಲೆಗೇರಿತ್ತು ಪಾಪ.”

ಅದು ಜ್ವರದ ಮಾತಲ್ಲವೆಂದು ಈ ಲೋಕದಲ್ಲಿ ಕೆಜಾಯಾ ಒಬ್ಬಳಿಗೆ ಗೊತ್ತಿತ್ತು. ಮಗನನ್ನು ಒಳಗೆ ಕಳಿಸಿ, ಮಗನಿಗೆ ಬಾಗಿಲು ಮುಚ್ಚಿದವಳಿಗಾಗಿ ಅವನು ಚಳಿಯಲ್ಲಿ ಕಾಯಲು ಹೋಗಿದ್ದ. ‘ಕ್ಷಮಿಸಿದೆ’ ಎನ್ನುವ ಮಾತು ನಮ್ಮ ಕುರಿಗಾಹಿಗಳ ಬಾಯಲ್ಲಿ ಎಂದೂ ಬಂದದ್ದಿಲ್ಲ. ಅವರು ಕಾಯುತ್ತಾರೆ, ಅವರಿಗೆ ಗೊತ್ತಿದ್ದ ಕೆಲಸ ಅದೊಂದೇ.

ಎನಾಕನ ಕೊನೆಯ ಪ್ರಯಾಣಕ್ಕೆಂದು ಕೆಜಾಯಾ ಎಂದೋ ಹೊಲಿದಿಟ್ಟ ಬಿಳಿಯ ಅಂಗಿಯನ್ನು ಸಲೀನಾ ಪೆಟ್ಟಿಗೆಯಿಂದ ತೆಗೆದು ಕುರ್ಚಿಯ ಮೇಲೆ ಹರಡಿದ್ದಳು. ಕೆಜಾಯಾ ಅದನ್ನು ಎತ್ತಿ ತಿರುಗಿಸಿ ನೋಡಿದಳು. ಎಲ್ಲರ ಕೊನೆಯ ಅಂಗಿಯ ಹಾಗೆ ಅದಕ್ಕೂ ಜೇಬಿರಲಿಲ್ಲ. ಅವಳು ಮೈಮೇಲಿದ್ದ ಕರಿಯ ಕೋಟು ಬಿಚ್ಚಿದಳು. ಆ ಕೋಟಿನಲ್ಲೇ ಅವಳು ಅಷ್ಟೂ ಭಾನುವಾರ ಚರ್ಚಿಗೆ ಹೋಗಿದ್ದು. ಕತ್ತರಿ ತೆಗೆದುಕೊಂಡು ಅದರ ಎದೆಯ ಜೇಬಿನ ಹೊಲಿಗೆ ಬಿಚ್ಚಿದಳು, ಗುಂಡಿಯನ್ನೂ ಕಿತ್ತಳು. ಸೂಜಿಗೆ ದಾರ ಪೋಣಿಸಿ ಒಲೆಯ ಬೆಳಕಿಗೆ ಕೂತಳು.

“ಇದೇನೇ ಮಾಡ್ತಿದೀಯಾ? ಹೆಣದ ಅಂಗಿಗೆ ಯಾರಾದ್ರೂ ಜೇಬು ಹೊಲಿತಾರಾ? ಅದೂ ಬಿಳಿ ಬಟ್ಟೆಗೆ ಕರೀದು?”

“ಕಾಣಲಿ. ಅವನಿಗೆ ಕಣ್ಣು ಮಂಜು.”

ಸಲೀನಾ ಇನ್ನೇನೋ ಹೇಳಹೊರಟವಳು ಅದನ್ನು ಬಿಟ್ಟು ದೀಪ ಹತ್ತಿರ ಹಿಡಿದಳು. ಹೊಲಿಗೆ ಸೊಟ್ಟಗಿತ್ತು, ಗಟ್ಟಿಯಾಗಿತ್ತು. ಇಬ್ಬರೂ ಸೇರಿ ಅಂಗಿ ತೊಡಿಸಿದರು. ಕೆಜಾಯಾ ಆಮೋಸ್ ಕೊಟ್ಟ ಕುಚ್ಚನ್ನು ಜೇಬಿನೊಳಗೆ ಇಟ್ಟು ಗುಂಡಿ ಹಾಕಿದಳು. ಆಮೇಲೆ, ಗುಡ್ಡದ ನೆತ್ತಿಯ ಮೇಲೆ ಅವನು ಮಗನಿಗೆ ತಟ್ಟಿದ ಹಾಗೆಯೇ, ಅಂಗೈಯಿಂದ ಜೇಬಿನ ಮೇಲೆ ಒಂದು ಸಲ ತಟ್ಟಿದಳು. ಅಳು ಬಂತು. ಸುದ್ದಿ ಬಂದ ದಿನದಿಂದ ತಡೆದಿದ್ದ ಅಳು ಅದು, ಅವಳು ಅದನ್ನು ತಡೆಯಲಿಲ್ಲ.

“ಕೈಲಿರೋದು ಹುಡುಗಂದು. ಇದು ನಿಂದು, ಎನಾಕ್, ಗುಂಡಿ ಹಾಕ್ಕೊಂಡಿರು,” ಎಂದು ಅವನ ಕಿವಿಯ ಹತ್ತಿರ ಬಾಗಿ ಹೇಳಿದಳು. “ನನಗೆ ಅಂತ ಹೊರಗೆ ನಿಂತ್ಕೋಬೇಡ, ಚಳಿ ಇದೆ. ನೀವಿಬ್ರೂ ಒಳಗೆ ಹೋಗಿ.”